ಅಂಗಡಿಯಿಲ್ಲದ ವರ್ತಕನೂ ನಮ್ಮ ಬೊಕ್ಕಸವೂ

ಸಂತೆಗೆ ಬಂದು ಸರಕು ಮಾರಿದವನು ಸಂತೆಯ ಸುಂಕವನ್ನು ತೆರದೆ ಹೋಗಬಾರದೆಂಬುದು ನಮ್ಮ ಜನರು ತಲೆತಲಾಂತರದಿಂದ ಒಪ್ಪಿಕೊಂಡು ಬಂದ ನ್ಯಾಯವಾಗಿದೆ. ವ್ಯಾಪಾರಕ್ಕೆ ಬೇಕಾದ ರಸ್ತೆಯನ್ನೂ ರಕ್ಷಣೆಯನ್ನೂ ನ್ಯಾಯಾಲಯವನ್ನೂ ಒದಗಿಸುವ ರಾಜ್ಯಕ್ಕೆ ಆ ವ್ಯಾಪಾರದ ಲಾಭದಲ್ಲಿ ಒಂದು ಪಾಲು ಸಲ್ಲತಕ್ಕದ್ದು. ಆದರೆ ಈಗ ಸಂತೆಗೆ ಬಂದಿರುವ ವರ್ತಕನು ಗಾಡಿ ಹೂಡುವದಿಲ್ಲ, ಮಳಿಗೆ ತೆರೆಯುವದಿಲ್ಲ, ಸಮುದ್ರದಾಚೆ ಕುಳಿತು, ಅಂತರ್ಜಾಲದ ಮೂಲಕ ನಮ್ಮ ಮನೆಮನೆಯನ್ನೂ ಹೊಕ್ಕು, ಜಾಹೀರಾತನ್ನೂ ಸಿನಿಮಾವನ್ನೂ ಸರಕನ್ನೂ ಮಾರಿ ಹಣವನ್ನು ಒಯ್ಯುತ್ತಾನೆ. ಅವನಿಂದ ತೆರಿಗೆಯನ್ನು ಪಡೆಯುವ ಹಕ್ಕು ಯಾವ ದೇಶದ್ದು? ಈ ಪ್ರಶ್ನೆಗೆ ಜಗತ್ತಿನ ರಾಷ್ಟ್ರಗಳು ಇಂದಿಗೂ ಒಮ್ಮತದ ಉತ್ತರವನ್ನು ಕಂಡುಕೊಂಡಿಲ್ಲ.

ಈ ತೊಡಕಿನ ಬೇರು ನೂರು ವರ್ಷಗಳಷ್ಟು ಹಳೆಯದು. 1920ರ ದಶಕದಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪಂಡಿತರು ಕುಳಿತು ರೂಪಿಸಿದ ಸೂತ್ರಗಳ ಪ್ರಕಾರ, ಪರದೇಶದ ವರ್ತಕನು ಒಂದು ದೇಶದಲ್ಲಿ ಕಚೇರಿ, ಕಾರಖಾನೆ ಮುಂತಾದ ಕಾಯಂ ನೆಲೆಯನ್ನು ಹೊಂದಿದ್ದರೆ ಮಾತ್ರ ಅವನ ವ್ಯಾಪಾರದ ಲಾಭದ ಮೇಲೆ ಆ ದೇಶವು ತೆರಿಗೆ ಹಾಕಬಹುದು. ಭಾರತವು ಮಾಡಿಕೊಂಡ ತೆರಿಗೆ ಒಪ್ಪಂದಗಳ ತಳಹದಿಯೂ ಇದೇ. ಹಡಗು, ರೈಲುಗಳ ಕಾಲಕ್ಕೆ ಈ ಸೂತ್ರವು ಸರಿಯಾಗಿತ್ತು. ನೆಲೆಯೇ ಬೇಡವಾದ ವ್ಯಾಪಾರಕ್ಕೆ ನೆಲೆಯ ಸೂತ್ರವನ್ನು ಹಿಡಿಯಹೊರಟರೆ ಬಲೆಯಲ್ಲಿ ಗಾಳಿಯನ್ನು ಹಿಡಿದಂತಾಗುವದು. ನಮ್ಮ ಸರಕಾರವು 2018ರಲ್ಲಿ ಆದಾಯ ತೆರಿಗೆಯ ಕಾಯಿದೆಯನ್ನು ತಿದ್ದಿ, ಕಚೇರಿಯಿಲ್ಲದಿದ್ದರೂ ಗಣನೀಯ ವ್ಯವಹಾರ ನಡೆಸುವವನನ್ನು ತೆರಿಗೆಗೆ ಒಳಪಡಿಸುವ ವಿಧಿಯನ್ನು ಸೇರಿಸಿತು. ಆದರೆ ಒಪ್ಪಂದವು ಕಾಯಿದೆಗಿಂತ ಅನುಕೂಲಕರವಾಗಿದ್ದರೆ ವರ್ತಕನು ಒಪ್ಪಂದದ ಮರೆಯಲ್ಲಿ ನಿಲ್ಲಬಹುದಾದ್ದರಿಂದ, ಅಮೆರಿಕದಂಥ ಒಪ್ಪಂದದ ದೇಶಗಳ ಕಂಪನಿಗಳಿಗೆ ಆ ವಿಧಿಯು ತಾಗಲಿಲ್ಲ.

ಈ ಮರೆಯನ್ನು ಬಳಸಿ ದಾಟಲೆಂದೇ ಹುಟ್ಟಿದ್ದು ಸಮೀಕರಣ ತೆರಿಗೆ. 2016ರ ಜೂನ್ 1ರಿಂದ, ಪರದೇಶದ ಕಂಪನಿಗಳಿಗೆ ಅಂತರ್ಜಾಲದ ಜಾಹೀರಾತಿಗಾಗಿ ಕೊಡುವ ಹಣದ ಮೇಲೆ ಶೇಕಡಾ 6ರಂತೆ ಇದು ಜಾರಿಗೆ ಬಂತು. 2020ರ ಏಪ್ರಿಲಿನಿಂದ ಅಂತರ್ಜಾಲದ ಇತರ ಮಾರಾಟಗಳಿಗೂ ಶೇಕಡಾ 2ರಂತೆ ವಿಸ್ತರಿಸಲ್ಪಟ್ಟಿತು. ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿಯು 2021ರ ಜನವರಿಯಲ್ಲಿ ಈ ಎರಡನೆಯ ತೆರಿಗೆಯನ್ನು ಪಕ್ಷಪಾತದ್ದೆಂದು ಸಾರಿ, ನಮ್ಮ ರಫ್ತಿನ ಸರಕುಗಳ ಮೇಲೆ ಪ್ರತಿಸುಂಕದ ಬೆದರಿಕೆಯನ್ನೊಡ್ಡಿತು. ಅದೇ ವರ್ಷದ ನವೆಂಬರಿನಲ್ಲಿ ತಾತ್ಕಾಲಿಕ ರಾಜಿಯಾಯಿತು. 2024ರ ಆಗಸ್ಟ್ 1ರಂದು ಶೇಕಡಾ 2ರ ತೆರಿಗೆಯು ಹೋಯಿತು. 2025ರ ಏಪ್ರಿಲ್ 1ರಿಂದ ಶೇಕಡಾ 6ರದೂ ಹೋಯಿತು. ಅದರ ಮರುದಿನವೇ ಅಮೆರಿಕದ ಅಧ್ಯಕ್ಷರು ಜಗತ್ತಿನ ಮೇಲೆ ತಮ್ಮ ಹೊಸ ಆಮದು ಸುಂಕಗಳನ್ನು ಘೋಷಿಸಿದರೆಂಬುದನ್ನು ವಾಚಕರು ಮರೆತಿರಲಾರರು. ನಾವು ಕಾಣಿಕೆಯನ್ನು ಮೊದಲೇ ಸಲ್ಲಿಸಿದೆವು. ಆದರೆ ಸುಂಕದ ಏಟು ನಮಗೆ ತಪ್ಪಲಿಲ್ಲ.

ಆ ತೆರಿಗೆಯು ನಿರ್ದುಷ್ಟವಾಗಿತ್ತೆಂದು ನಾವು ಹೇಳುವದಿಲ್ಲ. ಅದು ಲಾಭವನ್ನು ನೋಡದೆ ಒಟ್ಟು ಹಣದ ಮೇಲೆ ಬೀಳುತ್ತಿತ್ತು. ಹೊರೆಯನ್ನು ಕಂಪನಿಯು ಗಿರಾಕಿಯ ಬೆನ್ನಿಗೆ ದಾಟಿಸುವ ಭಯವೂ ಇತ್ತು. ಬ್ರಿಟನ್ನು 2020ರಲ್ಲಿ ಇಂಥದೇ ಶೇಕಡಾ 2ರ ತೆರಿಗೆಯನ್ನು ತಂದಾಗ ಗೂಗಲ್ ಕಂಪನಿಯು ಅಷ್ಟನ್ನೇ ಜಾಹೀರಾತುದಾರರ ಪಟ್ಟಿಗೆ ಸೇರಿಸಿತು. ಇನ್ನು, ವೃತ್ತಪತ್ರಗಳಿಗೆ ಬರುತ್ತಿದ್ದ ಜಾಹೀರಾತಿನ ಬಹುಪಾಲು ಈ ಕಂಪನಿಗಳ ಕಡೆಗೆ ಹರಿದಿರುವದರಿಂದ ಈ ಮಾತಿನಲ್ಲಿ ನಮ್ಮ ಸ್ವಾರ್ಥವೂ ಇರುವದೆಂದು ಯಾರಾದರೂ ಅಂದರೆ ಅದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ದೋಷವುಳ್ಳ ತೆರಿಗೆಯನ್ನು ತಿದ್ದುವದು ಬೇರೆ, ಬದಲಿಗೆ ಏನನ್ನೂ ಪಡೆಯದೆ ಬಿಟ್ಟುಕೊಡುವದು ಬೇರೆ.

ಬದಲಿಗೆ ಬರಬೇಕಾಗಿದ್ದ ಸರ್ವರಾಷ್ಟ್ರಗಳ ಕರಾರು ಬರಲೇ ಇಲ್ಲ. 2021ರ ಅಕ್ಟೋಬರಿನಲ್ಲಿ 136 ರಾಷ್ಟ್ರಗಳು ಎರಡು ಕಂಬಗಳ ಒಂದು ಯೋಜನೆಗೆ ಸಮ್ಮತಿಸಿದ್ದವು. 2,000 ಕೋಟಿ ಯೂರೋಗಿಂತ ಹೆಚ್ಚು ವಹಿವಾಟುಳ್ಳ ಮಹಾಕಂಪನಿಗಳ ಅಧಿಕ ಲಾಭದ ಕಾಲುಭಾಗವನ್ನು ಗಿರಾಕಿಗಳಿರುವ ದೇಶಗಳು ತೆರಿಗೆಗಾಗಿ ಹಂಚಿಕೊಳ್ಳಬೇಕೆಂಬುದು ಒಂದು. ದೊಡ್ಡ ಕಂಪನಿಗಳು ಎಲ್ಲಿಯೇ ಇರಲಿ, ಶೇಕಡಾ 15ಕ್ಕೆ ಕಡಮೆಯಿಲ್ಲದ ತೆರಿಗೆ ಕೊಡಬೇಕೆಂಬುದು ಇನ್ನೊಂದು. ಮೊದಲನೆಯ ಕಂಬಕ್ಕೆ ಸಹಿಯಾಗಬೇಕಾಗಿದ್ದ 2024ರ ಜೂನ್ ಕಳೆದುಹೋಯಿತು. 2025ರ ಜನವರಿ 20ರಂದು ಅಮೆರಿಕದ ಹೊಸ ಅಧ್ಯಕ್ಷರು ಈ ಕರಾರಿಗೆ ತಮ್ಮ ದೇಶದಲ್ಲಿ ಯಾವ ಬಲವೂ ಇಲ್ಲವೆಂದು ಆಜ್ಞೆ ಹೊರಡಿಸಿದರು. ಅದೇ ಜೂನಿನಲ್ಲಿ ಕೆನಡಾ ದೇಶವು ತನ್ನ ಶೇಕಡಾ 3ರ ತೆರಿಗೆಯ ಮೊದಲ ಕಂತನ್ನು ಪಡೆಯಲಿದ್ದಾಗ ಅಮೆರಿಕವು ವ್ಯಾಪಾರದ ಮಾತುಕತೆಯನ್ನೇ ಮುರಿಯಿತು. ಎರಡು ದಿನಗಳಲ್ಲಿ ಕೆನಡಾ ಮಣಿಯಿತು.

ಬಲಿಷ್ಠರ ವ್ಯಾಪಾರಕ್ಕಾಗಿ ಇತರರ ತೆರಿಗೆಯ ಹಕ್ಕನ್ನು ತಿರುಚುವದು ನಮಗೆ ಹೊಸ ಅನುಭವವಲ್ಲ. 1896ರಲ್ಲಿ ಲಂಕಾಶಾಯರಿನ ಗಿರಣಿಯವರ ಒತ್ತಾಯಕ್ಕೆ ಕಿವಿಗೊಟ್ಟು ಅಂದಿನ ಸರಕಾರವು ಆಮದು ಬಟ್ಟೆಯ ಸುಂಕವನ್ನು ನೂರಕ್ಕೆ ಮೂರೂವರೆಗೆ ಇಳಿಸಿತಲ್ಲದೆ, ಅಷ್ಟೇ ಸುಂಕವನ್ನು ನಮ್ಮ ಗಿರಣಿಗಳ ಬಟ್ಟೆಯ ಮೇಲೂ ಹೇರಿತು. ಆ ಅನ್ಯಾಯವು ನಿಲ್ಲಲು 1925ರ ಕೊನೆಯವರೆಗೆ ಕಾಯಬೇಕಾಯಿತು. ಅಂದು ನಮಗೆ ನಮ್ಮದೆಂಬ ಶಾಸನಸಭೆಯ ಅಧಿಕಾರವಿರಲಿಲ್ಲ. ಇಂದು ಇದೆ, ಆದುದರಿಂದ ಇಂದಿನ ಹೊಣೆಯೂ ನಮ್ಮದೇ ಆಗಿದೆ.

ಇದೇ 2025ರಲ್ಲಿ ನಮ್ಮ ನಾಡಿನಲ್ಲಿ ನಡೆದುದನ್ನು ಇದರೊಡನೆ ತೂಗಿ ನೋಡಬೇಕು. ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕವನ್ನು ಹಿಡಿದು, ಸರಕು ಮಾರುವವರಿಗೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿಗಳ ಮಿತಿ ಮೀರಿತೆಂದು ಬೇಕರಿಯವರಿಗೂ ತರಕಾರಿ ಮಾರುವವರಿಗೂ ನೋಟೀಸುಗಳನ್ನು ಕಳುಹಿಸಿತು. ವರ್ತಕರು ಹೆದರಿ, ನಗದು ಹಣ ಮಾತ್ರ ಸ್ವೀಕರಿಸಲಾಗುವದೆಂದು ಅಂಗಡಿಗಳ ಮುಂದೆ ಬರೆದು ಹಾಕಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಪ್ರತಿನಿಧಿಗಳನ್ನು ಕರೆದು, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿಯನ್ನು ಕೇಳುವದಿಲ್ಲವೆಂದು ಭರವಸೆ ಕೊಟ್ಟ ಮೇಲೆ ಕಳವಳ ತಗ್ಗಿತು. ಆ ತೆರಿಗೆಯೇ ಬೇರೆ, ಈ ತೆರಿಗೆಯೇ ಬೇರೆ ಎಂದು ಅಧಿಕಾರಿಗಳು ಹೇಳಬಹುದು, ಅದು ನಿಜ. ಇಲಾಖೆಯು ಕಾಯಿದೆಯನ್ನು ಮೀರಿತೆಂದೂ ನಾವು ಹೇಳುವದಿಲ್ಲ. ಆದರೆ ಬೀದಿಯ ಬದಿಯ ಅಂಗಡಿಯವನ ಒಂದೊಂದು ರೂಪಾಯಿಯನ್ನೂ ಎಣಿಸಬಲ್ಲ ಅದೇ ವಿದ್ಯೆಯು, ಅವನ ಗಿರಾಕಿಗೆ ಜಾಹೀರಾತು ತೋರಿಸಿ ಲಾಭ ಪಡೆಯುವ ಪರದೇಶದ ಮಹಾಕಂಪನಿಯ ಮುಂದೆ ಕುರುಡಾಗುವದೇಕೆ? ಬಲ್ಲಿದನಿಗೊಂದು ನ್ಯಾಯ, ಬಡವನಿಗೊಂದು ನ್ಯಾಯವೆಂದು ಸಾಮಾನ್ಯರು ತಿಳಿದರೆ ತೆರಿಗೆ ಕೊಡುವ ಮನಸ್ಸೇ ಕೆಡುವದು. ಹೂವು ಬಾಡದಂತೆ ಜೇನುಹುಳು ಮಕರಂದವನ್ನು ತೆಗೆದುಕೊಳ್ಳುವ ಹಾಗೆ ಅರಸನು ತೆರಿಗೆಯನ್ನೆತ್ತಬೇಕೆಂದು ನಮ್ಮ ನೀತಿಕಾರರು ಹೇಳಿದ್ದಾರೆ. ಚಿಕ್ಕ ಹೂವನ್ನು ಹಿಂಡಿ ದೊಡ್ಡ ಹೂವನ್ನು ಮುಟ್ಟದೆ ಬಿಡಬೇಕೆಂದು ಅವರು ಹೇಳಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ದಾರಿಗಳು ಮುಚ್ಚಿಲ್ಲ. ಸಂಯುಕ್ತ ರಾಷ್ಟ್ರಸಂಸ್ಥೆಯು 2021ರಲ್ಲಿ ತನ್ನ ಮಾದರಿ ಒಪ್ಪಂದಕ್ಕೆ 12ಬಿ ಎಂಬ ವಿಧಿಯನ್ನು ಸೇರಿಸಿ, ಗಿರಾಕಿಯ ದೇಶವೂ ಅಂತರ್ಜಾಲದ ಸೇವೆಗಳ ಹಣದ ಮೇಲೆ ತೆರಿಗೆ ಹಾಕಬಹುದೆಂದು ತೋರಿಸಿದೆ. 2023ರ ನವೆಂಬರಿನಲ್ಲಿ ಅದರ ಸಮಿತಿಯಲ್ಲಿ 48ರ ವಿರುದ್ಧ 125 ಮತಗಳಿಂದ ಸರ್ವರಾಷ್ಟ್ರಗಳ ತೆರಿಗೆ ಒಡಂಬಡಿಕೆಯ ಕೆಲಸಕ್ಕೆ ಅಂಗೀಕಾರ ದೊರೆಯಿತು. 2025ರ ಫೆಬ್ರವರಿಯಲ್ಲಿ ಅಮೆರಿಕವು ಸಭೆಯಿಂದ ಎದ್ದು ಹೋದರೂ ಸಭೆಯು ಮುರಿಯಲಿಲ್ಲ. ಅಲ್ಲಿ ಭಾರತವು ಹಿಂದಿನ ಬೆಂಚಿನಲ್ಲಿ ಕೂಡದೆ, ಏಶಿಯಾ ಆಫ್ರಿಕಾಗಳ ರಾಷ್ಟ್ರಗಳೊಡನೆ ಕೂಡಿ ಮುಂದಾಳುತನವನ್ನು ವಹಿಸಬೇಕು. ಒಂಟಿಯಾಗಿ ನಿಂತ ಕೆನಡಾ ಎರಡು ದಿನಗಳಲ್ಲಿ ಮಣಿಯಿತು. ನೂರು ರಾಷ್ಟ್ರಗಳು ಕೂಡಿ ನಿಂತರೆ ಅವುಗಳನ್ನು ಅಷ್ಟು ಸುಲಭವಾಗಿ ಬಾಗಿಸಲಾಗದು. ನಮ್ಮ ಹಳೆಯ ಒಪ್ಪಂದಗಳನ್ನು ತಿದ್ದುವ ಪ್ರಯತ್ನವೂ ಒಂದೊಂದಾಗಿ ನಡೆಯಬೇಕು. ಸಮೀಕರಣ ತೆರಿಗೆಯನ್ನು ಬಿಟ್ಟುಕೊಟ್ಟದ್ದಕ್ಕೆ ದೇಶಕ್ಕೆ ದೊರೆತ ಪ್ರತಿಫಲವೇನೆಂಬುದನ್ನು ಅರ್ಥಸಚಿವಾಲಯವು ಪಾರ್ಲಿಮೆಂಟಿಗೆ ಸ್ಪಷ್ಟವಾಗಿ ತಿಳಿಸಬೇಕು.

ವ್ಯಾಪಾರಕ್ಕೆ ನಮ್ಮ ಬಾಗಿಲು ತೆರೆದಿರಲಿ. ಪರದೇಶದವರ ವಿದ್ಯೆಯಿಂದ ನಮಗೆ ಉಪಕಾರವೂ ಆಗಿದೆ. ಆದರೆ ಬಾಗಿಲು ತೆರೆದಿಟ್ಟವನಿಗೆ ಬಂದವನಿಂದ ನ್ಯಾಯವಾದ ಸುಂಕವನ್ನು ಕೇಳುವ ಅಧಿಕಾರವೂ ಇದೆ. ಈ ಅಧಿಕಾರವನ್ನು ಕಾಪಾಡಿಕೊಳ್ಳದ ಸರಕಾರಕ್ಕೆ ಬೇಕರಿಯವನ ಮುಂದೆ ನೋಟೀಸು ಹಿಡಿದು ನಿಲ್ಲುವ ನೈತಿಕ ಬಲವು ಉಳಿಯಲಾರದು.