ನಡೆದು ಬಂದವಳಿಗೆ ಕಾಯಿಲೆಯಿಲ್ಲವೇ?

ಕಳೆದ ತಿಂಗಳು ಜಾವಳಿಯ ನಮ್ಮ ಮನೆಗೆ ಹಳೆಯ ಶಿಷ್ಯೆಯೊಬ್ಬಳು ಬಂದಿದ್ದಳು. ಶಾಲೆಯಲ್ಲಿ ಓಟಕ್ಕೆ ಮೊದಲಿಗಳಾಗಿದ್ದವಳು, ಅಂಗಳದ ಏರು ಹತ್ತುವಷ್ಟರಲ್ಲಿ ಮೂರು ಕಡೆ ನಿಂತಳು. ಅವಳಿಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ಅಂಗವೈಕಲ್ಯದ ಪ್ರಮಾಣಪತ್ರ ಕೇಳಲು ಹೋದಲ್ಲಿ, “ನಡೆದುಕೊಂಡೇ ಬಂದಿರಲ್ಲ!” ಎಂದರಂತೆ. ನೆಂಟರ ಮಾತು ಇನ್ನೂ ಹರಿತ: “ನಿನ್ನೆ ಚೆನ್ನಾಗಿದ್ದಳು, ಇಂದು ಕೆಲಸವೆಂದೊಡನೆ ಸುಸ್ತು.”

ಬಂಧುಗಳೇ, ಈ ಎರಡು ಮಾತುಗಳೂ ಅನ್ಯಾಯದವು.

ಮಿದುಳು, ಬೆನ್ನುಹುರಿ ಹಾಗೂ ದೃಷ್ಟಿನರಗಳ ತಂತುಗಳಿಗೆ ಮೈಲಿನ್ ಎಂಬ ಹೊದಿಕೆಯಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ಅದನ್ನು ಕೆಡಿಸುವುದು ಈ ಕಾಯಿಲೆ. ಬಹುಪಾಲು ಜನರಲ್ಲಿ ಮೊದಮೊದಲು ದಾಳಿ, ಆಮೇಲೆ ಚೇತರಿಕೆ. ಚೇತರಿಕೆ ಪೂರ್ಣವಾಗದಿದ್ದಾಗ ನ್ಯೂನತೆ ಉಳಿಯುತ್ತದೆ. ಮುಂದಿನ ದಾಳಿ ಅದಕ್ಕೆ ಮತ್ತಷ್ಟು ಸೇರಿಸಬಹುದು. ಅನೇಕರಲ್ಲಿ ವರ್ಷಗಳು ಕಳೆದ ಮೇಲೆ ದಾಳಿಯೇ ಇಲ್ಲದೆ ಶಕ್ತಿ ನಿಧಾನವಾಗಿ ಕುಂದುತ್ತದೆ. ಮೈ ಬಿಸಿಯಾದರೂ ಸಾಕು, ತೊಂದರೆ ತಾತ್ಕಾಲಿಕವಾಗಿ ಹೆಚ್ಚುತ್ತದೆ. ನಮ್ಮ ಮಲೆನಾಡಿನ ಹಂಡೆಯ ಬಿಸಿನೀರಿನ ಸ್ನಾನವೇ ಅವಳ ಕಾಲನ್ನು ಸೋಲಿಸುತ್ತದೆ. ಇದು ನಟನೆಯಲ್ಲ, ನರದ ಧರ್ಮ.

ವೈದ್ಯರು ಬಳಸುವ ಅಳತೆಗೋಲೊಂದಿದೆ; ಅಮೆರಿಕದ ಕುರ್ಟ್ಸ್‌ಕೆ 1983ರಲ್ಲಿ ಪ್ರಕಟಿಸಿದ್ದು, 0ಯಿಂದ 10ರವರೆಗೆ. ಸುಮಾರು 100 ಮೀಟರ್ ನಡೆಯಲು ಕೋಲು ಬೇಕಾದರೆ 6. ಅದರ ಮೇಲಿನ ಅರ್ಧವೆಲ್ಲ ಬಹುಮಟ್ಟಿಗೆ ನಡಿಗೆಯದೇ ಲೆಕ್ಕ. ಆಯಾಸಕ್ಕೂ ಮರೆವಿಗೂ ಅಲ್ಲಿ ಸಿಗುವ ಸ್ಥಾನ ಅಲ್ಪ. ಆಸ್ಪತ್ರೆಯ ಸಮತಟ್ಟಾದ ನೆಲದ ನೂರು ಮೀಟರೂ, ಮಳೆಗಾಲದಲ್ಲಿ ಪಾಚಿಗಟ್ಟಿದ ನಮ್ಮ ಕಾಫಿ ತೋಟದ ನೂರು ಮೀಟರೂ ಒಂದೆಯೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಈ ಕಾಯಿಲೆಯ ಹೆಸರಿದೆ. ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇಕಡಾ 40 ಇರಬೇಕು. ಅಳತೆಯೇ ಬೇಡವೆನ್ನುವುದಿಲ್ಲ, ಜೀವಮಾನವಿಡೀ ಅಂಕ ಕೊಟ್ಟವನು ನಾನು. ಆದರೆ ಒಂದು ದಿನದ ಪರೀಕ್ಷೆಯಿಂದ ಇಡೀ ವರ್ಷದ ವಿದ್ಯಾರ್ಥಿಯನ್ನು ಅಳೆದಾಗಲೆಲ್ಲ ತಪ್ಪಿದ್ದೇನೆ. ಕೆಟ್ಟ ದಿನಗಳನ್ನೂ ವಿಚಾರಿಸಿ, ಆಯಾಸವನ್ನೂ ಗಣಿಸಿ, ಕಾಯಿಲೆ ಬೆಳೆದಂತೆ ಮರಳಿ ಅಳೆಯಿರಿ ಎಂಬುದಷ್ಟೇ ನನ್ನ ವಾದ.

ಮನೆಯವರಿಗೂ ಒಂದು ಮಾತು. ಇಂದಿನ ಔಷಧಿಗಳು ದಾಳಿಗಳನ್ನು ತಗ್ಗಿಸುತ್ತವೆ, ಕುಸಿತವನ್ನು ನಿಧಾನಿಸಬಲ್ಲವು. ಕಳೆದುಹೋದದ್ದನ್ನು ಮರಳಿ ತಾರವು. ಕಣ್ಣು ಮಂಜಾದಾಗ, ಕಾಲು ಜೋಮುಹಿಡಿದಾಗ “ನೆಪ” ಎಂದು ಎರಡು ವರ್ಷ ಅವಳನ್ನು ತಡೆದರು. ಆ ಎರಡು ವರ್ಷಗಳನ್ನು ಈಗ ಯಾರು ಕೊಡುತ್ತಾರೆ?

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹೇಳಿಕೊಂಡರೆ ಮೊದಲು ನಂಬಿ, ಆಮೇಲೆ ನರರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ.