ನೆಲ ಬಿಡಿಸುವ ಕಷ್ಟ
ಬೆಂಗಳೂರಿನ ಕುಮಾರ ಪಾರ್ಕ್‌ನ ಮನೆಯೊಂದರ ಮೆಟ್ಟಿಲ ಬುಡದಿಂದ ತುಂಬಿದ ಗ್ಯಾಸ್ ಸಿಲಿಂಡರ್ ಎತ್ತುವ ಹುಡುಗ ದಿನವೂ ಡೆಡ್‌ಲಿಫ್ಟ್ ಮಾಡುತ್ತಾನೆ, ಅಂದರೆ ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುತ್ತಾನೆ. ಹಾಗೆಂದು ಯಾರೂ ಕರೆಯುವುದಿಲ್ಲ, ಅಷ್ಟೆ. 14.2 ಕೆಜಿ ಅನಿಲ, ಹೆಚ್ಚುಕಡಿಮೆ ಅಷ್ಟೇ ತೂಕದ ಉಕ್ಕು. ಜಿಮ್ಮಿನ ಖಾಲಿ ಬಾರ್ ಬರೀ 20 ಕೆಜಿ. ಈ ಊರಿಗೆ ಬಾರ್‌ಬೆಲ್ ಹೊಸದೂ ಅಲ್ಲ: ಹರ್ಕ್ಯುಲಸ್ ಜಿಮ್ನಾಸಿಯಂ ಕಟ್ಟಿದ ಕೆ.ವಿ. ಅಯ್ಯರ್ ಅಂಚೆಯ ಮೂಲಕವೂ ವ್ಯಾಯಾಮ ಕಲಿಸಿದವರು. ಡೆಡ್‌ಲಿಫ್ಟಿನ ಗುಟ್ಟಿರುವುದು ತೋಳಿನಲ್ಲಲ್ಲ, ದೂರದಲ್ಲಿ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದರೆ ಅದೇ ಕೊಡ ಎರಡರಷ್ಟು ಭಾರವೆನಿಸುತ್ತದಲ್ಲ, ಹಾಗೆ ಬಾರ್ ಮೈಯಿಂದ ದೂರ ಸರಿದಷ್ಟೂ ಸೊಂಟಕ್ಕೆ ಹೊರೆ. ಆದ್ದರಿಂದ ಬಾರ್ ಪಾದದ ನಡುಭಾಗದ ಮೇಲೆ, ಶೂ ಲೇಸಿನ ನೇರಕ್ಕೆ ಇರಬೇಕು; ಪೃಷ್ಠ ಹಿಂದಕ್ಕೆ ಸರಿಯಬೇಕು, ಬೆನ್ನು ಗೂನಾಗಬಾರದು. ಹೊಟ್ಟೆ ತುಂಬ ಉಸಿರು ಹಿಡಿದು, ಬಾರನ್ನು ಜಗ್ಗದೆ ಮೊದಲು ಬಿಗಿ ಮಾಡಿಕೊಂಡು, ಕಾಲಿನಿಂದ ನೆಲವನ್ನೇ ಕೆಳಕ್ಕೆ ಒತ್ತಬೇಕು. ನೆಟ್ಟಗೆ ನಿಂತರೆ ಮುಗಿಯಿತು. ಮೇಲೆ ಹೋಗಿ ಹಿಂದಕ್ಕೆ ಬಾಗುವುದು ಕನ್ನಡಿಗಾಗಿ ಮಾಡುವ ನಾಟಕ. ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದೇ ಇಲ್ಲ: ಬಾರಿನ ತುದಿಗೆ ಹಾಕುವ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್, ಹಾಗಾಗಿ ಬಾರ್ ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಚಿಕ್ಕ ಪ್ಲೇಟ್ ಹಾಕಿದರೆ ತೂಕ ಕಡಿಮೆ, ಬಗ್ಗುವುದು ಮಾತ್ರ ಜಾಸ್ತಿ. ಬೆನ್ನು ಗುಂಡಗಾಗುತ್ತಿದ್ದರೆ ಪ್ಲೇಟಿನ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು ಎತ್ತರಿಸಿಕೊಳ್ಳಬಹುದು. ಆಗಲೂ ಗುಂಡಗಾದರೆ ತೂಕ ಇಳಿಸಬೇಕು.