ಮನೆಯ ವಾಹನ: ಓಡಿ ದಣಿದ ಕಾರಿನ ಕಾಲುಬಲ

ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರು ಓಡಿದ ಸಣ್ಣ ಕಾರನ್ನು ಜೋಪಾನವಾಗಿ ಇಟ್ಟುಕೊಂಡಿರುವ ಕನ್ನಡ ಮನೆಗಳು ಮೂಕಂಡಪಲ್ಲಿಯಲ್ಲಿ ಕಡಮೆಯೇನೂ ಇಲ್ಲ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆಲ್ಟೋ 800 ಕೂಡ 2023ರಲ್ಲಿ ನಿಂತಿತು. ಆದರೂ ವಾರದ ದಿನಗಳಲ್ಲಿ ಸಿಪ್‌ಕಾಟ್ ಕಾರ್ಖಾನೆಗೂ, ಭಾನುವಾರ ಅತ್ತಿಬೆಲೆ ದಾಟಿ ಬೆಂಗಳೂರಿನ ನೆಂಟರ ಮನೆಗೂ, ಹಬ್ಬ ಬಂದರೆ ಡೆಂಕಣಿಕೋಟೆಯ ಕಡೆಯ ಊರಿಗೂ ಇವು ಓಡುತ್ತಲೇ ಇವೆ. ಇಂತಹ ಕಾರುಗಳ ಎಂಜಿನು ಇನ್ನೂ ಗಟ್ಟಿಯಾಗಿರುವಾಗಲೇ ಸೋಲುವುದು ಕಾಲು, ಎಂದರೆ ಸಸ್ಪೆನ್ಷನ್. ರಿಪೇರಿಗೆ ಹೊರಟರೆ ಒಬ್ಬರು ಪೂರ್ತಿ ಸೆಟ್ಟನ್ನೇ ಬದಲಾಯಿಸಿರೆನ್ನುತ್ತಾರೆ. ಮತ್ತೊಬ್ಬರು ಹಳೆಯ ಶಾಕ್ ಅಬ್ಸಾರ್ಬರಿಗೆ ಎಣ್ಣೆ ತುಂಬಿಸಿ ಓಡಿಸಿರೆನ್ನುತ್ತಾರೆ. ಮೊದಲನೆಯದು ಹಣಕ್ಕೆ ಕೇಡು, ಎರಡನೆಯದು ಪ್ರಾಣಕ್ಕೆ.

ಯಾವ ಭಾಗದ ಕೆಲಸ ಯಾವುದೆಂದು ತಿಳಿದರೆ ಆಯ್ಕೆ ಸುಲಭ. ಕಾರಿನ ಭಾರವನ್ನು ಹೊರುವುದು ಶಾಕ್ ಅಬ್ಸಾರ್ಬರ್ ಅಲ್ಲ, ಸ್ಪ್ರಿಂಗು. ಕುಗ್ಗಿದ ಸ್ಪ್ರಿಂಗು ಚಿಮ್ಮಿ ಮತ್ತೆ ಮತ್ತೆ ಕುಣಿಯದಂತೆ ತಡೆಯುವುದಷ್ಟೇ ಶಾಕಿನ ಕೆಲಸ. ಅದರೊಳಗಿನ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ನುಗ್ಗುವಾಗ ಕುಣಿತದ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಮುಂದಿನ ಚಕ್ರಗಳಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. 1950ರ ಸುಮಾರಿಗೆ ಇಂಗ್ಲೆಂಡಿನ ಫೋರ್ಡ್ ಕಾರುಗಳ ಮೂಲಕ ಹೆಸರಾದ ಏರ್ಪಾಡು. ಇದರಲ್ಲಿ ಶಾಕು ಸ್ಪ್ರಿಂಗಿನೊಳಗೆ ನಿಂತು ಚಕ್ರವನ್ನು ನೆಟ್ಟಗೆ ಹಿಡಿಯುವ ಕಂಬವೂ ಆಗಿರುತ್ತದೆ. ಆದುದರಿಂದ ಅದು ಸವೆದರೆ ಕುಲುಕಾಟದ ಜೊತೆಗೆ ಬ್ರೇಕು ಮತ್ತು ಸ್ಟೀರಿಂಗುಗಳ ಹಿಡಿತವೂ ತಪ್ಪುತ್ತದೆ.

ಅಂಗಡಿಗೆ ಹೋಗುವ ಮೊದಲು ಕಾರಿನ ಮಾತನ್ನು ಕೇಳಬೇಕು. ಸಣ್ಣ ಸಣ್ಣ ಹಳ್ಳಗಳಲ್ಲಿ ‘ಟಕ್ ಟಕ್’ ಎಂದರೆ ಬಹುಮಟ್ಟಿಗೆ ಅದು ರಬ್ಬರು ಬುಷ್‌ಗಳ ಅಥವಾ ಬಾಲ್ ಜಾಯಿಂಟಿನ ದೂರು. ಬ್ರೇಕು ಒತ್ತಿದಾಗ ಮಾತ್ರ ‘ದಡ್’ ಎಂದರೆ ಲೋವರ್ ಆರ್ಮಿನ ಬುಷ್ ಹೋಗಿರಬಹುದು. ನಿಂತಲ್ಲಿಯೇ ಸ್ಟೀರಿಂಗು ತಿರುಗಿಸಿದಾಗ ಸ್ಪ್ರಿಂಗು ಕೊಸರಿದಂತೆ ಸದ್ದಾದರೆ ಸ್ಟ್ರಟ್ಟಿನ ತಲೆಯ ಬೇರಿಂಗನ್ನು ನೋಡಿಸಬೇಕು. ಶಾಕು ಸತ್ತಿದ್ದರೆ ಸದ್ದಿಗಿಂತ ನಡೆಯಲ್ಲಿ ತಿಳಿಯುತ್ತದೆ: ಉಬ್ಬು ದಾಟಿದ ಮೇಲೆ ಕಾರು ಎರಡು ಮೂರು ಸಲ ತೊಟ್ಟಿಲಿನಂತೆ ತೂಗುತ್ತದೆ, ಟೈರು ಅಲೆಅಲೆಯಾಗಿ ಸವೆದಿರುತ್ತದೆ. ಶಾಕಿನ ಮೈಮೇಲೆ ತೆಳುವಾದ ಎಣ್ಣೆಪಸೆ ಕಂಡ ಮಾತ್ರಕ್ಕೆ ಗಾಬರಿ ಬೇಡ. ಎಣ್ಣೆ ಇಳಿದು ತೊಟ್ಟಿಕ್ಕುತ್ತಿದ್ದರೆ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ಹಣ ಸ್ವಲ್ಪವೇ ಇದ್ದರೆ ಮೊದಲು ಬಾಲ್ ಜಾಯಿಂಟಿಗೆ ವ್ಯಯ ಮಾಡಿರಿ. ಶಾಕು ಹೋದರೆ ಕಾರು ಕುಲುಕುತ್ತದೆ. ಬಾಲ್ ಜಾಯಿಂಟು ಕಳಚಿದರೆ ಚಕ್ರವೇ ಮಡಿಸಿಕೊಳ್ಳುತ್ತದೆ. ಕೃಷ್ಣಗಿರಿಯ ಹೆದ್ದಾರಿಯಲ್ಲಿ, ಹಿಂದೆ ಲಾರಿಗಳ ಸಾಲಿರುವಾಗ, ಅದಕ್ಕಿಂತ ಭಯಂಕರವಾದುದು ಬೇರೊಂದಿಲ್ಲ. ಕಾರನ್ನೆತ್ತಿ, ಸನ್ನೆಕೋಲಿನಿಂದ ಮೀಟಿ, ಆಟವಿದೆಯೇ ಎಂದು ನೋಡುವುದು ಮೇಸ್ತ್ರಿಗೆ ಹತ್ತು ನಿಮಿಷದ ಕೆಲಸ. ಅನಂತರದ ಸರದಿ ಬುಷ್‌ಗಳದು. ಮಾರುತಿ 800ರಲ್ಲಿ ಮುಂದಿನ ಸ್ಟೆಬಿಲೈಜರ್ ಬಾರ್ ಕಾರು ವಾಲದಂತೆ ತಡೆಯುವುದರ ಜೊತೆಗೆ ಚಕ್ರವು ಹಿಂದುಮುಂದಾಗದಂತೆಯೂ ಹಿಡಿಯುತ್ತದೆ. ಅಗ್ಗದ ಅದರ ಬುಷ್‌ಗಳನ್ನು ಬದಲಾಯಿಸಿದೊಡನೆ ಕಾರು ನೇರವಾಗಿ ಓಡತೊಡಗಿ, ದುಬಾರಿ ಶಾಕುಗಳ ಖರೀದಿ ಮುಂದಕ್ಕೆ ಹೋಗುವುದುಂಟು. ಸ್ಪ್ರಿಂಗಿನ ಸರದಿ ಕೊನೆಯದು. ಅದು ತುಂಡಾಗಿರದೆ, ಎರಡೂ ಬದಿಯ ಎತ್ತರ ಸಮವಾಗಿದ್ದರೆ ಹಾಗೆಯೇ ಬಿಡಬಹುದು.

ಕೊಳ್ಳುವಾಗ ಕಾರು ಕಂಪೆನಿಯ ಮುದ್ರೆಯ ಭಾಗವೇ ಆಗಬೇಕೆಂಬ ಹಟ ಬೇಡ. ಕಾರು ಕಂಪೆನಿಗಳು ಶಾಕುಗಳನ್ನು ಬೇರೆ ತಯಾರಕರಿಂದ ಕೊಳ್ಳುವುದು ವಾಡಿಕೆ. ಆ ತಯಾರಕರೇ ತಮ್ಮ ಹೆಸರಿನಲ್ಲಿಯೂ ಅಂಗಡಿಗೆ ಕಳುಹಿಸುತ್ತಾರೆ. ಅಂತಹ ಹಳೆಯ ಹೆಸರಾದ ಗೇಬ್ರಿಯಲ್ ಕಂಪೆನಿಯ ಕಾರ್ಖಾನೆಯೊಂದು ನಮ್ಮ ಹೊಸೂರಿನಲ್ಲಿಯೇ ಇದೆ. ಹೀಗಿದ್ದೂ ನಮ್ಮವರು ಶಾಕಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಓಡುವುದು ತಮಾಷೆಯೇ ಸರಿ! ಅಲ್ಲಿಗಾದರೂ ಹೋಗಿರಿ, ಆದರೆ ಬಿಲ್ಲು ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿರಿ. ಪೊಟ್ಟಣದ ಮೇಲೆ ತಯಾರಿಕೆಯ ತಿಂಗಳು, ವರ್ಷಗಳನ್ನು ನೋಡಿರಿ. ರಬ್ಬರು ಕಪಾಟಿನಲ್ಲಿ ಕುಳಿತೇ ಮುಪ್ಪಾಗುತ್ತದೆ. ಬಣ್ಣ ಬಳಿದು, ಎಣ್ಣೆ ತುಂಬಿ, ಹೊಸದರಂತೆ ಹೊಳೆಯುವ ಹಳೆಯ ಸ್ಟ್ರಟ್ಟುಗಳು ಅರ್ಧ ಬೆಲೆಗೆ ಬರುತ್ತವೆ. ಒಳಗಿನ ಸವೆದ ಕವಾಟವನ್ನು ಬಣ್ಣ ಸರಿಮಾಡುವುದಿಲ್ಲ.

ಚಾಸಿ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಲೇಸು. ಒಂದೇ ಹೆಸರಿನ ಕಾರಿನಲ್ಲಿ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿರುತ್ತವೆ. 1983ರಲ್ಲಿ ಬಂದ ಮೊದಲ ಮಾರುತಿಗೆ ಹಿಂದೆ ಕಮಾನು ಪಟ್ಟಿಯಿತ್ತು. ಅನಂತರದವುಗಳಿಗೆ ಸುರುಳಿ ಸ್ಪ್ರಿಂಗು ಬಂದಿತು. ಮೇಸ್ತ್ರಿ ತಮಿಳಿನಲ್ಲಿ ಕೇಳಿ, ಹುಡುಗ ತೆಲುಗಿನಲ್ಲಿ ಉತ್ತರಿಸಿ, ಕೊನೆಗೆ ಖರ್ಚನ್ನು ನಮಗೆ ಕನ್ನಡದಲ್ಲಿ ಒಪ್ಪಿಸುವ ನಮ್ಮೂರ ಶೆಡ್ಡುಗಳಲ್ಲಿ ಅಂಕೆಯೊಂದೇ ಎಲ್ಲರಿಗೂ ಸಮಾನವಾದ ಭಾಷೆ.

ಕಾರು ತಗ್ಗಿತೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರು ಬಿಲ್ಲೆ ಸಿಕ್ಕಿಸುವುದನ್ನು ನಾನು ಒಪ್ಪಲಾರೆ. ಒಂದು ಸುತ್ತನ್ನು ಕಟ್ಟಿಹಾಕಿದರೆ ಅದರ ಪಾಲಿನ ಕುಗ್ಗುವ ಕೆಲಸವೆಲ್ಲ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ಗಡುಸಾದ ಸ್ಪ್ರಿಂಗೂ ಸಣ್ಣ ಕಾರಿಗೆ ಹಿತವಲ್ಲ. 800ರ ಸ್ವಂತ ತೂಕ ಸುಮಾರು 650 ಕಿಲೋ. ಐವರು ದೊಡ್ಡವರು ಕುಳಿತರೆ ಅದರ ಅರ್ಧದಷ್ಟು ಭಾರ ಒಮ್ಮೆಗೇ ಏರುತ್ತದೆ. ತುಂಬಿದಾಗಲೂ ಬರಿದಾಗಿದ್ದಾಗಲೂ ಸಹನೀಯವಾಗಿರುವಂತೆ ಲೆಕ್ಕಹಾಕಿದ ಮೂಲ ಅಳತೆಯೇ ಮೇಲು.

ಜೋಡಿಸುವಾಗ ಶಾಕುಗಳನ್ನು ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ಗಟ್ಟಿಯಾಗಿ ಬ್ರೇಕು ಹಾಕಿದಾಗ ಎರಡು ಚಕ್ರಗಳ ಹಿಡಿತ ಸಮನಾಗಿರುವುದಿಲ್ಲ. ಸ್ಟ್ರಟ್ಟು ಬಿಚ್ಚಿದಾಗಲೇ ಮೇಲಿನ ಮೌಂಟು, ಬಂಪ್ ಸ್ಟಾಪು, ಧೂಳಿನ ಕವಚಗಳನ್ನೂ ಹೊಸದು ಹಾಕಿಸಿದರೆ ಎರಡನೆಯ ಕೂಲಿ ಉಳಿಯುತ್ತದೆ. ಒತ್ತಿಹಿಡಿದ ಸ್ಪ್ರಿಂಗಿನಲ್ಲಿ ಆಳನ್ನು ಕೊಲ್ಲುವಷ್ಟು ಬಲವಿರುವುದರಿಂದ ಆ ಕೆಲಸವನ್ನು ಮನೆಯಂಗಳದಲ್ಲಿ ಯಾರೂ ಮಾಡಕೂಡದು. ಮೇಸ್ತ್ರಿಗೆ ಮರೆಯದೆ ಹೇಳಬೇಕಾದ ಮಾತೊಂದಿದೆ: ಲೋವರ್ ಆರ್ಮಿನ ಬುಷ್ ಬೋಲ್ಟುಗಳ ಕೊನೆಯ ಬಿಗಿತ ಕಾರು ತನ್ನ ಚಕ್ರಗಳ ಮೇಲೆ ನಿಂತಮೇಲೆಯೇ ಆಗಬೇಕು. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ ಕಾರು ಇಳಿದೊಡನೆ ರಬ್ಬರು ತಿರುಚಿಕೊಂಡು ಬೇಗನೆ ಹರಿಯುತ್ತದೆ. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ತೆಗೆದುಕೊಂಡು, ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿರಿ. ಕಾರಿಗೆ 15 ವರ್ಷ ತುಂಬುತ್ತಿದ್ದರೆ ಈ ಕೆಲಸವನ್ನೆಲ್ಲ ನೋಂದಣಿ ನವೀಕರಣದ ತಪಾಸಣೆಗೆ ಮೊದಲೇ ಮುಗಿಸಿಕೊಳ್ಳುವುದು ಅನುಕೂಲ.